ಹುಬ್ಬಳ್ಳಿಯ ಮೇಸ್ತ್ರಿ, ಪುಣೆಯ ಮಿವಾನ್ ಮತ್ತು ನಡುವೆ ನಿಂತ ಬಿಮ್

ಊರ ಕಡೆಯ ಆರ್ಕಿಟೆಕ್ಟ್ ಗೆಳೆಯರು ಫೋನ್ ಮಾಡಿದರೆ ಈಗೀಗ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಾವೂ ಬಿಮ್‌ಗೆ ಹೋಗ್ಬೇಕು ಅಂತಿದ್ದೀವಿ. ರೆವಿಟ್ ತಗೊಳ್ಳೋದಾ, ಆರ್ಕಿಕ್ಯಾಡ್ ತಗೊಳ್ಳೋದಾ?" ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಅಂದರೆ ಕಟ್ಟಡವನ್ನು ಬರೀ ಗೆರೆಗಳಲ್ಲಿ ಬರೆಯದೆ ಕಂಪ್ಯೂಟರಿನಲ್ಲಿ ಮಾಡೆಲ್ ಆಗಿ ಕಟ್ಟುವ ಪದ್ಧತಿ; ರೆವಿಟ್, ಆರ್ಕಿಕ್ಯಾಡ್ ಅದರ ಸಾಫ್ಟ್‌ವೇರ್‌ಗಳು. ನಾನು ಅವರನ್ನು ತಿರುಗಿ ಕೇಳುತ್ತೇನೆ: ನಿಮ್ಮ ಆಫೀಸಿನಲ್ಲಿ ಬಾತ್‌ರೂಮಿನ ಪೈಪು ಎಲ್ಲಿ ಇಳಿಯಬೇಕು ಅಂತ ಯಾವಾಗ ತೀರ್ಮಾನ ಆಗುತ್ತದೆ? ಸ್ಲ್ಯಾಬ್ ಹಾಕುವ ಮೊದಲಾ, ಹಾಕಿದ ಮೇಲಾ?

ಪುಣೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇದು. ಯಾವ ಸಾಫ್ಟ್‌ವೇರ್ ಅನ್ನೋದು ಆಮೇಲಿನ ಮಾತು. ತೀರ್ಮಾನಗಳನ್ನು ಬೇಗ ತೆಗೆದುಕೊಳ್ಳುವ ಆಫೀಸಿನಲ್ಲಿ ಬಿಮ್ ತಾನಾಗಿ ನೆಲೆಯಾಗುತ್ತದೆ. "ಸೈಟಲ್ಲಿ ನೋಡ್ಕೊಂಡ್ರಾಯ್ತು" ಅನ್ನುವ ಆಫೀಸಿನಲ್ಲಿ ಎಷ್ಟು ದುಡ್ಡು ಸುರಿದರೂ ನಿಲ್ಲುವುದಿಲ್ಲ.

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ರೂಢಿಯ ಸಾಫ್ಟ್‌ವೇರಿನಲ್ಲಿ, ನಾವು ಗೆರೆ ಎಳೆಯುತ್ತೇವೆ. ಪ್ಲಾನ್ ಬೇರೆ, ಸೆಕ್ಷನ್ ಬೇರೆ, ಎಲಿವೇಶನ್ ಬೇರೆ. ಬಿಮ್‌ನಲ್ಲಿ ಗೋಡೆ ಅಂದರೆ ಗೋಡೆಯೇ. ಅದಕ್ಕೆ ದಪ್ಪ, ಎತ್ತರ, ಸಾಮಗ್ರಿ ಎಲ್ಲ ಇರುತ್ತದೆ. ಒಂದು ಕಿಟಕಿ ಸರಿಸಿದರೆ ಎಲ್ಲ ನಕ್ಷೆಯಲ್ಲೂ ಸರಿಯುತ್ತದೆ, ಕಿಟಕಿಯ ಪಟ್ಟಿಯೂ ಬದಲಾಗುತ್ತದೆ. ಕಾಲಂ ಬೀಮುಗಳ ಲೆಕ್ಕ ಹಾಕುವ ಆರ್‌ಸಿಸಿ ಕನ್ಸಲ್ಟೆಂಟ್, ಪ್ಲಂಬಿಂಗ್‌ನವರು, ಎಲೆಕ್ಟ್ರಿಕಲ್‌ನವರು ತಮ್ಮ ತಮ್ಮ ಮಾಡೆಲ್ ತಂದು ಜೋಡಿಸಿದರೆ ಪೈಪು ಎಲ್ಲಿ ಬೀಮಿಗೆ ಹೊಡೆಯುತ್ತದೆ ಅನ್ನೋದು ಕಟ್ಟುವ ಮೊದಲೇ ಕಾಣುತ್ತದೆ. ಇದನ್ನೇ ಕ್ಲ್ಯಾಶ್ ಅನ್ನುವುದು. ಆದರೆ ಗೋಡೆಯನ್ನು ಮಾಡೆಲ್‌ನಲ್ಲಿ ಇಡಬೇಕಾದರೆ ಅದು ಎಂಥ ಗೋಡೆ ಅಂತ ನಮಗೆ ಗೊತ್ತಿರಬೇಕಲ್ವಾ? ಗೆರೆಯನ್ನಾದರೆ ಏನೂ ತೀರ್ಮಾನಿಸದೆ ಎಳೆಯಬಹುದು.

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ. ಅಲ್ಲಿ ಮೂವತ್ತು ನಲವತ್ತರ ಸೈಟಿನ ಮನೆ ಅಂದರೆ ಆಫೀಸಿನಿಂದ ಹೋಗುವುದು ಪ್ಲಾನ್, ಸೆಂಟರ್‌ಲೈನ್, ಕಾಲಂ ಮತ್ತು ಫೂಟಿಂಗ್ ವಿವರ, ಒಂದೆರಡು ಸೆಕ್ಷನ್. ಉಳಿದದ್ದು ಸೈಟಿನಲ್ಲಿ. ಮನೆ ಯಜಮಾನರು ಬಂದು "ಅಡುಗೆಮನೆ ಕಟ್ಟೆ ಆ ಕಡೆ ಇರಲಿ" ಅಂದರೆ ಮೇಸ್ತ್ರಿ ಅಲ್ಲೇ ಬದಲಿಸುತ್ತಾರೆ. ವಾಸ್ತು ನೋಡುವವರು ಬಂದರೆ ಬಾಗಿಲು ಸರಿಯುತ್ತದೆ. ಇಟ್ಟಿಗೆ ಇಲ್ಲವೇ ಬ್ಲಾಕ್ ಗೋಡೆ, ಕೊರೆದು ಪೈಪು ಕೂರಿಸಿ ಗಾರೆ ಮೆತ್ತಿದರೆ ಆಯ್ತು. ಈ ಪದ್ಧತಿಯನ್ನು ನಾನು ಕೀಳಾಗಿ ನೋಡುವುದಿಲ್ಲ. ಮನೆ ಕಟ್ಟಿಸುವವರಿಗೆ ಗೋಡೆ ಎದ್ದ ಮೇಲೇ ಕೋಣೆಯ ಅಳತೆ ಅರಿವಿಗೆ ಬರುವುದು. ಅವರ ಮಾತಿಗೆ ಅಲ್ಲಿ ಜಾಗ ಇದೆ. ಮೇಸ್ತ್ರಿಯ ಅನುಭವಕ್ಕೂ ಜಾಗ ಇದೆ.

ಪುಣೆಯ ಕತೆ ಬೇರೆ. ಬಾಣೇರ್, ವಾಕಡ್, ಹಿಂಜವಡಿ ಕಡೆ ಏಳುತ್ತಿರುವ ಎತ್ತರದ ಕಟ್ಟಡಗಳಲ್ಲಿ ಬಹಳಷ್ಟು ಮಿವಾನ್‌ನಲ್ಲೇ ಕಟ್ಟುವಂಥವು. ಅಂದರೆ ಅಲ್ಯುಮಿನಿಯಂ ಶಟರಿಂಗ್, ಕಾಂಕ್ರೀಟ್ ಸುರಿಯುವ ಅಚ್ಚು. ಗೋಡೆ ಮತ್ತು ಸ್ಲ್ಯಾಬು ಎರಡಕ್ಕೂ ಒಟ್ಟಿಗೇ ಕಾಂಕ್ರೀಟ್ ಬೀಳುತ್ತದೆ. ಅದೇ ಪ್ಯಾನಲ್‌ಗಳು ಮೇಲಿನ ಮಹಡಿಗೆ ಹೋಗುತ್ತವೆ, ಮತ್ತೆ ಅದರ ಮೇಲಿನದಕ್ಕೆ. ಪ್ಯಾನಲ್‌ಗಳನ್ನು ಆ ಕಟ್ಟಡದ ಅಳತೆಗೇ ಮಾಡಿಸಬೇಕು, ಅದಕ್ಕೆ ಮೊದಲು ನಕ್ಷೆ ಫ್ರೀಜ್ ಆಗಬೇಕು. ಸ್ವಿಚ್ ಬೋರ್ಡಿನ ಡಬ್ಬಿ, ವೈರಿನ ಪೈಪು, ಎಸಿಯ ತೂತು, ಚರಂಡಿ ಪೈಪಿಗೆ ದಾರಿ ಬಿಡುವ ಸ್ಲೀವ್ ಎಲ್ಲವೂ ಕಾಂಕ್ರೀಟ್ ಬೀಳುವ ಮೊದಲು ತಮ್ಮ ಜಾಗದಲ್ಲಿ ಕೂತಿರಬೇಕು. ಆಮೇಲೆ ಕೊರೆಯುತ್ತೇವೆ ಅಂದರೆ ಅದು ಇಟ್ಟಿಗೆ ಗೋಡೆಯಲ್ಲ, ಕಟ್ಟಡವನ್ನು ಹೊತ್ತಿರುವ ಗೋಡೆ. ಒಂದು ಮಹಡಿಯಲ್ಲಿ ಆದ ತಪ್ಪು ಕಣ್ಣಿಗೆ ಬೀಳದಿದ್ದರೆ ಮೇಲಿನ ಎಲ್ಲ ಮಹಡಿಯಲ್ಲೂ ಅಚ್ಚೊತ್ತಿದಂತೆ ಬರುತ್ತದೆ.

ಹಾಗಾಗಿ ಇಲ್ಲಿ ಬಿಮ್ ಬಂದದ್ದು ಆರ್ಕಿಟೆಕ್ಟ್‌ಗಳ ಆಸೆಯಿಂದ ಅಂತ ನನಗೆ ಅನಿಸುವುದಿಲ್ಲ. ಕಟ್ಟುವ ಪದ್ಧತಿಯೇ ಒತ್ತಾಯ ಮಾಡಿತು. ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲೂ ಇದೇ ಒತ್ತಾಯ ಇದೆ, ಅಲ್ಲಿನ ದೊಡ್ಡ ಆಫೀಸುಗಳು ಬದಲಾಗಿವೆ ಕೂಡ. ನಾನು ಹೇಳುತ್ತಿರುವುದು ನಮ್ಮ ಜಿಲ್ಲಾ ಕೇಂದ್ರಗಳ ಐದಾರು ಜನರ ಆಫೀಸುಗಳ ಬಗ್ಗೆ. ನಮ್ಮ ರಾಜ್ಯದ ಎಷ್ಟೋ ಕಟ್ಟಡಗಳನ್ನು ನಿಜಕ್ಕೂ ಮಾಡುವವರು ಅವರೇ.

ಸರ್ಕಾರ ಮನಸ್ಸು ಮಾಡಿದರೂ ದಾರಿ ಬೇಗ ಸವೆಯುತ್ತದೆ. ಬ್ರಿಟನ್ನಿನಲ್ಲಿ ಕೇಂದ್ರ ಸರ್ಕಾರದ ಕಟ್ಟಡ ಕೆಲಸಗಳಿಗೆ 2016ರಿಂದ ಬಿಮ್ ಕಡ್ಡಾಯ. ಸಿಂಗಾಪುರದಲ್ಲಿ 2015ರ ಹೊತ್ತಿಗೆ 5,000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡದ ಅನುಮತಿಗೆ ಮಾಡೆಲ್ ಕೊಡಲೇಬೇಕಾಯಿತು. ಮಹಾರಾಷ್ಟ್ರದಲ್ಲೂ ಮಹಾ ಮೆಟ್ರೋದವರು ನಾಗಪುರ, ಪುಣೆ ಮೆಟ್ರೋ ಕೆಲಸಕ್ಕೆ ಸಮಯ ಮತ್ತು ಖರ್ಚನ್ನೂ ಸೇರಿಸಿದ ಐದು ಆಯಾಮದ ಬಿಮ್ ಬಳಸಿದರು. ಆದರೆ ಸಾಮಾನ್ಯ ಕಟ್ಟಡದ ನಕ್ಷೆ ಪುಣೆ ಪಾಲಿಕೆಯಲ್ಲಿ ಆಟೋಡಿಸಿಆರ್‌ಗೆ (ನಕ್ಷೆ ನಿಯಮಕ್ಕೆ ಸರಿಯಿದೆಯಾ ಅಂತ ನೋಡುವ ಸಾಫ್ಟ್‌ವೇರ್) ಹೋಗುವುದು ಕ್ಯಾಡ್ ಫೈಲಾಗಿ, ಅವರು ಹೇಳಿದ ಲೇಯರ್‌ಗಳಲ್ಲಿ. ಮಾಡೆಲ್ ಮಾಡಿದವರೂ ಅನುಮತಿಗಾಗಿ ಇನ್ನೊಂದು ಸಲ ಗೆರೆ ಎಳೆಯಬೇಕು. ಎರಡು ದಿನ ಕಳೆದರೆ ಆ ನಕ್ಷೆಗೂ ಮಾಡೆಲ್‌ಗೂ ತಾಳೆ ಇರುವುದಿಲ್ಲ. ಬೆಂಗಳೂರಿನ ಆನ್‌ಲೈನ್ ಮಂಜೂರಾತಿಯೂ ಕ್ಯಾಡನ್ನೇ ಕೇಳುತ್ತದೆ. ಇದು ಸರಿಹೋಗದೆ ಸಣ್ಣ ಆಫೀಸಿಗೆ ಇಮ್ಮಡಿ ಕೆಲಸ ತಪ್ಪದು.

ಹಾಗಂತ ಪುಣೆಯದೆಲ್ಲ ಅನುಕರಿಸಿ ಅನ್ನಲಾರೆ. ಇಲ್ಲಿ ನನಗೆ ಬೇಸರ ತರುವ ಒಂದು ರೂಢಿ ಇದೆ. ಆರ್ಕಿಟೆಕ್ಟ್ ಆಫೀಸು ಕ್ಯಾಡ್‌ನಲ್ಲೇ ಎಲ್ಲ ಮುಗಿಸುತ್ತದೆ. ಆಮೇಲೆ ಹೊರಗಿನ ತಂಡಕ್ಕೆ ಕೊಟ್ಟು ಮಾಡೆಲ್ ಮಾಡಿಸುತ್ತದೆ. ಆ ತಂಡದ ಹುಡುಗರು ಸೈಟು ನೋಡಿರುವುದಿಲ್ಲ, ಯಾವ ಗೋಡೆ ಯಾಕೆ ಅಲ್ಲಿದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಸಾವಿರಾರು ಕ್ಲ್ಯಾಶ್‌ಗಳ ವರದಿ ಬರುತ್ತದೆ. ಅದರಲ್ಲಿ ಯಾವುದು ನಿಜವಾದ ತೊಂದರೆ, ಯಾವುದು ಇನ್ಸುಲೇಶನ್ ಸುಮ್ನೆ ತಾಗಿದ್ದು ಅಂತ ಬೇರ್ಪಡಿಸುವ ಪುರುಸೊತ್ತು ಯಾರಿಗೂ ಇಲ್ಲ. ಅಷ್ಟರಲ್ಲಿ ಸ್ಲ್ಯಾಬ್ ಬಿದ್ದಿರುತ್ತದೆ.

ಪುಣೆಯ ಸೈಟುಗಳಲ್ಲಿ ಕನ್ನಡ ಕೇಳಲು ಕಷ್ಟಪಡಬೇಕಿಲ್ಲ. ಕಲಬುರಗಿ, ವಿಜಯಪುರ, ಯಾದಗಿರಿಯ ಜನ ಇಲ್ಲಿ ಕಬ್ಬಿಣ ಕಟ್ಟುತ್ತಾರೆ, ಕಾಂಕ್ರೀಟ್ ಹೊರುತ್ತಾರೆ. ಒಮ್ಮೆ ಕಬ್ಬಿಣ ಕಟ್ಟುವ ಗ್ಯಾಂಗಿನ ಮುಕಾದಮರಿಗೆ ಟ್ಯಾಬ್‌ನಲ್ಲಿ ಮಾಡೆಲ್ ತೋರಿಸುತ್ತಿದ್ದೆ. ಸೇಡಂ ಕಡೆಯವರು. ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ಸಾಹೇಬ್ರ, ಈ ಪೈಪ್ ಇಲ್ಲಿಂದ ಹೋದ್ರ ನಮ್ಮ ಕಬ್ಬಿಣ ಎಲ್ಲಿಂದ ಹೋಗ್ಬೇಕ್ರಿ?" ಅವರು ಕೇಳಿದ್ದು ಸರಿಯಿತ್ತು. ಕಾಲಂ ಬೀಮು ಸೇರುವ ಜಾಗದಲ್ಲಿ ಸರಳುಗಳು ಒತ್ತೊತ್ತಾಗಿ ಬರುತ್ತವೆ, ಪಕ್ಕದಲ್ಲೇ ಸ್ಲೀವ್ ಇತ್ತು. ಮಾಡೆಲ್‌ನಲ್ಲಿ ಕಾಂಕ್ರೀಟ್ ಇತ್ತು, ಒಳಗಿನ ಸರಳು ಇರಲಿಲ್ಲ. ಸಾಮಾನ್ಯವಾಗಿ ಯಾರೂ ಅಷ್ಟು ವಿವರ ಹಾಕುವುದಿಲ್ಲ. ಹಾಕದೇ ಇದ್ದದ್ದನ್ನು ಯಾವ ಸಾಫ್ಟ್‌ವೇರೂ ಹಿಡಿದುಕೊಡಲಾರದು. ಆ ಸ್ಲೀವನ್ನು ಆರ್‌ಸಿಸಿ ಕನ್ಸಲ್ಟೆಂಟ್ ಜೊತೆ ಮಾತಾಡಿ ಸರಿಸಿದೆವು.

ಹುಬ್ಬಳ್ಳಿಯ ಪದ್ಧತಿಯಲ್ಲಿ ಇಂಥವರ ಮಾತು ಕೆಲಸದ ಮಧ್ಯೆ ಕೇಳಿಸುತ್ತದೆ. ಪುಣೆಯ ಪದ್ಧತಿಯಲ್ಲಿ ತೀರ್ಮಾನ ಬೇಗ ಆಗುತ್ತದೆ, ಆದರೆ ಆ ಹೊತ್ತಿಗೆ ಇವರು ಕೋಣೆಯಲ್ಲೇ ಇರುವುದಿಲ್ಲ. ನಮ್ಮ ಕಡೆಯ ಆಫೀಸುಗಳಿಗೆ ಇಲ್ಲೊಂದು ಅನುಕೂಲ ಇದೆ ಅಂತ ನಾನು ನಂಬುತ್ತೇನೆ. ಅವರಿಗೆ ಮೇಸ್ತ್ರಿ, ಬಾರ್ ಬೆಂಡರ್, ಪ್ಲಂಬರ್ ಎಲ್ಲ ಹೆಸರು ಹಿಡಿದು ಕರೆಯುವಷ್ಟು ಹತ್ತಿರ. ಅವರನ್ನು ಮಾಡೆಲ್ ಮುಂದೆ ಕೂರಿಸುವುದು ಪುಣೆಯಷ್ಟು ಕಷ್ಟವಲ್ಲ.

ಹಾಗಾದರೆ ಶುರು ಎಲ್ಲಿಂದ? ಮನೆಯಿಂದ ಬೇಡ. ಸಣ್ಣ ನರ್ಸಿಂಗ್ ಹೋಮ್ ಸಿಕ್ಕರೆ ಅದನ್ನು ತೆಗೆದುಕೊಳ್ಳಿ. ಆಕ್ಸಿಜನ್ ಲೈನು, ಎಸಿ ಡಕ್ಟು, ಚರಂಡಿ ಎಲ್ಲ ಒಂದೇ ಸೀಲಿಂಗ್ ಮೇಲೆ ಜಾಗಕ್ಕೆ ಜಗಳ ಆಡುವ ಕಟ್ಟಡ ಅದು. ಮಾಡೆಲ್‌ನ ಬೆಲೆ ಅಲ್ಲಿ ಬೇಗ ತಿಳಿಯುತ್ತದೆ. ಆಫೀಸಿನಲ್ಲಿ ಸೈಟು ಚೆನ್ನಾಗಿ ಬಲ್ಲ ಒಬ್ಬರೇ ಮಾಡೆಲ್ ಹಿಡಿಯಲಿ, ಹೊಸದಾಗಿ ಸೇರಿದ ಹುಡುಗನ ಮೇಲೆ ಹಾಕಬೇಡಿ. ಕನ್ಸಲ್ಟೆಂಟ್‌ಗಳೆಲ್ಲ ಒಂದೇ ವರ್ಷದ ರೆವಿಟ್ ಬಳಸುವಂತೆ ಮೊದಲ ದಿನವೇ ಒಪ್ಪಿಸಿ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ.

ಇನ್ನು ಫೀ. ನಮ್ಮಲ್ಲಿ ಕಾನ್ಸೆಪ್ಟ್ ಹಂತಕ್ಕೆ ಸ್ವಲ್ಪ ಕೊಟ್ಟು, ಮಂಜೂರಾತಿ ಮತ್ತು ವರ್ಕಿಂಗ್ ಡ್ರಾಯಿಂಗ್ ಹೊತ್ತಿಗೆ ಬಹುಪಾಲು ಕೊಡುವುದು ವಾಡಿಕೆ. ಬಿಮ್‌ನಲ್ಲಿ ಶ್ರಮ ಎಲ್ಲ ಮುಂದಕ್ಕೆ ಬರುತ್ತದೆ, ದುಡ್ಡು ಮಾತ್ರ ಹಿಂದೆಯೇ ಉಳಿಯುತ್ತದೆ. ಪರ್ಮನೆಂಟ್ ಲೈಸೆನ್ಸ್ ಮಾರುವುದನ್ನು ಆಟೋಡೆಸ್ಕ್ 2016ರಲ್ಲೇ ನಿಲ್ಲಿಸಿದ ಮೇಲೆ ಪ್ರತಿ ವರ್ಷ ಬಾಡಿಗೆ ಕಟ್ಟಬೇಕು, ಸಂಬಳವೂ ಕೊಡಬೇಕು. ಬಿಮ್ ಬಿಟ್ಟು ಕ್ಯಾಡ್‌ಗೆ ಮರಳಿದ ಸಣ್ಣ ಆಫೀಸುಗಳನ್ನು ನಾನು ಇಲ್ಲಿ ನೋಡಿದ್ದೇನೆ, ಅವರಿಗೆ ಕೆಲಸ ಗೊತ್ತಿರಲಿಲ್ಲ ಅಂತಲ್ಲ, ಖರ್ಚು ಹೊಂದಲಿಲ್ಲ. ಆದ್ದರಿಂದ ಗೆಳೆಯರಿಗೆ ನಾನು ಹೇಳುವುದು: ಕರಾರು ಬರೆಯುವಾಗಲೇ ಮಾಡೆಲ್ ಜೋಡಣೆಯನ್ನು ಒಂದು ಹಂತ ಅಂತ ಬರೆಯಿರಿ, ಅದಕ್ಕೆ ಬೇರೆ ಕಂತು ಕೇಳಿರಿ. ಆ ಕಂತು ಸಂದಾಯ ಆಗುವವರೆಗೆ ಎರಡನೇ ಕೆಲಸವನ್ನು ಬಿಮ್‌ನಲ್ಲಿ ಶುರುಮಾಡಬೇಡಿ.