ಒಂದು ಡೆಸಿಬೆಲ್ಲಿನ ತಪಸ್ಸು

ನಮ್ಮ ಎದುರು ಮನೆಯನ್ನು ಕೆಡವಿ ಅಲ್ಲಿ ನಾಲ್ಕು ಅಂತಸ್ತು ಎಬ್ಬಿಸುತ್ತಿದ್ದಾರೆ. ಬೆಂಗಳೂರಿನಲ್ಲಿ ಇದು ಸುದ್ದಿಯೇ ಅಲ್ಲ. ನಿಮ್ಮ ಎದುರು ಮನೆಯನ್ನೂ ಕೆಡವಿರುತ್ತಾರೆ, ಕೆಡವಿಲ್ಲವಾದರೆ ಮುಂದಿನ ಆಷಾಢ ಕಳೆಯಲೆಂದು ಕಾಯುತ್ತಿರುತ್ತಾರೆ. ಬೆಳಿಗ್ಗೆ ಏಳಕ್ಕೆ ಆರಂಭವಾಗುವ ಗ್ರಾನೈಟ್ ಕತ್ತರಿಸುವ ಯಂತ್ರ ರಾತ್ರಿ ಹತ್ತೂವರೆಯವರೆಗೆ ತನ್ನ ಕೀರಲು ಸಂಗೀತವನ್ನು ಬೀದಿಗೆಲ್ಲ ಉಚಿತವಾಗಿ ಹಂಚುತ್ತದೆ. ಆ ಸದ್ದಿನ ನಡುವೆಯೇ ಕಳೆದ ಭಾನುವಾರ ನನ್ನ ತಂಗಿಯ ಮಗ ಬಂದ. ಸೋಫಾದ ಅಂಚಿನಲ್ಲಿ ಕುಳಿತು, ಹೆಣ್ಣು ನೋಡಿ ಬಂದವನಂತೆ ಗಂಟಲು ಸರಿಪಡಿಸಿಕೊಂಡು, "ಮಾಮ, ನನ್ನ ಟ್ಯೂಬ್ ಆಂಪ್ಲಿಫೈಯರಿಗೆ ಯಾವ ಹೆಡ್‌ಫೋನ್ ಹೊಂದುತ್ತದೆ ಅಂತ ನೀವೇ ಹೇಳಬೇಕು" ಎಂದ. ಯಂತ್ರದ ಗಲಾಟೆಯಲ್ಲಿ ಅವನು ಈ ಮಾತನ್ನು ಎರಡು ಸಲ ಕಿರುಚಿ ಹೇಳಬೇಕಾಯಿತು.

ಟ್ಯೂಬ್ ಆಂಪ್ಲಿಫೈಯರೆಂದರೆ ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವುಗಳಿಂದ ಹಾಡಿಗೆ ಬಲ ತುಂಬುವ ಪೆಟ್ಟಿಗೆ; ಟ್ಯೂಬೆಂದರೂ ವಾಲ್ವೆಂದರೂ ಒಂದೇ. ಹುಡುಗನಾಗಿದ್ದಾಗ ನಾನು ಮನೆಯ ವಾಲ್ವ್ ರೇಡಿಯೊವನ್ನು ಬಿಚ್ಚಿ, ಮೊದಲು ಶಾಕ್ ಹೊಡೆಸಿಕೊಂಡು, ಆಮೇಲೆ ನಮ್ಮ ತಂದೆಯವರಿಂದಲೂ ಹೊಡೆಸಿಕೊಂಡಿದ್ದೆ. ಈ ಶಾಸ್ತ್ರದಲ್ಲಿ ನನಗಿರುವ ಪದವಿ ಅದೊಂದೇ. ಆದರೂ ಅಳಿಯ ಕೇಳಿದ್ದಾನೆ, ಇಲ್ಲವೆನ್ನುವುದು ಹೇಗೆ?

ಟ್ಯೂಬ್ ಆಂಪ್ಲಿಫೈಯರಿಗೂ ಹೆಡ್‌ಫೋನಿಗೂ ಸಾಲಾವಳಿ ನೋಡುವುದು ನಮ್ಮ ಪುರೋಹಿತರ ಪಂಚಾಂಗಕ್ಕಿಂತ ಸೂಕ್ಷ್ಮವಾದ ಕೆಲಸವೆಂಬುದು ಅಂದು ತಿಳಿಯಿತು. ಅಳಿಯನದು ಓಟಿಎಲ್ ಕುಲದ ಆಂಪ್ಲಿಫೈಯರು, ಅಂದರೆ ವಾಲ್ವಿಗೂ ಹೆಡ್‌ಫೋನಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಎಂಬ ಮಧ್ಯಸ್ಥನಿಲ್ಲ. ಅದರ ಔಟ್‌ಪುಟ್ ಇಂಪೀಡನ್ಸ್, ಎಂದರೆ ಹೊರಬಾಗಿಲಲ್ಲಿ ಕರೆಂಟಿಗೆ ಅದು ಒಡ್ಡುವ ತಡೆ, 100 ಓಮ್. ಹೆಡ್‌ಫೋನಿನ ಓಮ್ ಇದರ ಎಂಟು ಪಟ್ಟಾದರೂ ಇರಬೇಕೆಂದು ಹಿರಿಯರು ಹಾಕಿಕೊಟ್ಟ ಲೆಕ್ಕವುಂಟು. ಎಂಟು ಪಟ್ಟೆಂದರೆ 800 ಓಮ್. ಅಂಥ ವಧು ಪೇಟೆಯಲ್ಲಿ ಸಿಗುವುದಿಲ್ಲ. ಹಾಗಾಗಿ 300 ಓಮಿನ ಸೆನ್‌ಹೈಸರ್ ಎಚ್‌ಡಿ 650 ಇಲ್ಲವೇ 600 ಓಮಿನ ಬೇಯರ್‌ಡೈನಾಮಿಕ್ ಡಿಟಿ 880, ಇವುಗಳಲ್ಲಿ ಒಂದಕ್ಕೆ ಶಾಂತಿ ಮಾಡಿಸಿ ಒಪ್ಪಿಕೊಳ್ಳಬೇಕು. ಈಗ ಎಲ್ಲರೂ ಹೊಗಳುವ, ಲಕ್ಷ ರೂಪಾಯಿ ದಾಟುವ, ಚಪ್ಪಟೆ ಪೊರೆಯಿಂದ ನುಡಿಯುವ ಪ್ಲೇನಾರ್ ಹೆಡ್‌ಫೋನುಗಳಲ್ಲಿ ಹಲವು 32 ಓಮಿನ ಆಸುಪಾಸಿನವು. ಅವನ್ನು ಈ ಪೆಟ್ಟಿಗೆಗೆ ಸಿಕ್ಕಿಸಿದರೆ ವೋಲ್ಟೇಜಿನ ಮುಕ್ಕಾಲು ಪಾಲು ಆಂಪ್ಲಿಫೈಯರಿನ ಹೊಟ್ಟೆಯಲ್ಲೇ ಉಳಿದು ಕಾಲು ಪಾಲು ಮಾತ್ರ ಕಿವಿಗೆ ತಲುಪುತ್ತದೆ. ಸರ್ಕಾರದ ಯೋಜನೆಗಳು ಫಲಾನುಭವಿಗೆ ತಲುಪುವ ಪ್ರಮಾಣವೂ ಹೆಚ್ಚುಕಡಿಮೆ ಇಷ್ಟೇ ಆದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ.

ಸ್ವಾರಸ್ಯವಿರುವುದು ಮುಂದೆ. ಎಚ್‌ಡಿ 650 ಕಾಗದದ ಮೇಲೆ 300 ಓಮ್ ಆದರೂ ಮಂದ್ರದಲ್ಲಿ, 80ರಿಂದ 100 ಹರ್ಟ್ಸ್ ಬಳಿ, ಅದು ಸುಮಾರು 500 ಓಮಿಗೆ ಏರುತ್ತದೆ. ಎದುರಿಗೆ 100 ಓಮಿನ ಆಂಪ್ಲಿಫೈಯರಿದ್ದರೆ ಆ ಜಾಗದಲ್ಲಿ ಹೆಚ್ಚು ವೋಲ್ಟೇಜ್ ಹೆಡ್‌ಫೋನಿನ ಪಾಲಾಗಿ ಮಂದ್ರ ಒಂದಿಷ್ಟು ಉಬ್ಬುತ್ತದೆ. ಎಷ್ಟು ಉಬ್ಬುತ್ತದೆ ಎಂದು ಅಳಿಯನನ್ನು ಕೇಳಿದೆ. ಲೆಕ್ಕ ಹಾಕಿ, "ಹತ್ತಿರ ಹತ್ತಿರ ಒಂದು ಡೆಸಿಬೆಲ್" ಎಂದ. ಇದಕ್ಕೆ ವಾಲ್ವು ತಾನಾಗಿ ಬೆರೆಸುವ ಎರಡನೆಯ ಹಾರ್ಮೋನಿಕ್ಕನ್ನು, ಎಂದರೆ ಮೂಲದಲ್ಲಿ ಇರದಿದ್ದ ಸ್ವರವನ್ನು, ಕೂಡಿಸಿದರೆ 'ಟ್ಯೂಬಿನ ಬೆಚ್ಚನೆಯ ಮಾಧುರ್ಯ' ಎಂದು ರಸಿಕರು ಕಣ್ಮುಚ್ಚಿ ವರ್ಣಿಸುವ ವಸ್ತು ಬಹುಮಟ್ಟಿಗೆ ಸಿದ್ಧವಾಯಿತು. ಹಾಲಿಗೆ ನೀರು ಬೆರೆಸಿದವನನ್ನು ನಾವು ಬೈಯುತ್ತೇವೆ. ಇಲ್ಲಿ ಬೆರೆಸಿದ್ದಕ್ಕೇ ಹೆಚ್ಚು ಬೆಲೆ.

ಅಂಗಡಿಗೂ ಹೋಗಿ ಬಂದೆವು. ಗೋಡೆಗೆಲ್ಲ ಸ್ಪಂಜು ಹೊದಿಸಿ, ನೆಲಕ್ಕೆ ದಪ್ಪ ಕಂಬಳಿ ಹಾಸಿ, ಎರಡು ಬಾಗಿಲು ದಾಟಿ ಒಳಗೆ ಹೋಗುವಂತೆ ಕಟ್ಟಿದ್ದ ಆ ಕೋಣೆಯಲ್ಲಿ ನನ್ನ ಉಸಿರು ನನಗೇ ಕೇಳಿಸಿತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ. ಅಂಗಡಿಯ ಹುಡುಗ ನನ್ನ ತಲೆಗೆ ಕಿರೀಟ ತೊಡಿಸುವಷ್ಟು ಭಕ್ತಿಯಿಂದ ಹೆಡ್‌ಫೋನ್ ಇಟ್ಟು, "ಸಾರ್, ಮಿಡ್ಸ್ ನೋಡಿ, ಬೆಣ್ಣೆ ಥರ ಇದೆ" ಎಂದ. ಮಿಡ್ಸ್ ಎಂದರೆ ಮಂದ್ರಕ್ಕೂ ತಾರಕ್ಕೂ ನಡುವಿನ ಸ್ವರಗಳಂತೆ. ತಂಬೂರಿಯ ಶ್ರುತಿ ಕೇಳಿಸಿದ. ನಿಜಕ್ಕೂ ಬೆಣ್ಣೆಯೇ, ತಂತಿಯನ್ನು ಬೆರಳು ಬಿಡುವ ಕ್ಷಣವೂ, ಕುದುರೆಯ ಮೇಲೆ ತಂತಿ ಸವರಿ ಏಳುವ ಜವಾರಿಯ ನವಿರಾದ ಝೇಂಕಾರವೂ ಬಿಡಿಬಿಡಿಯಾಗಿ ಕೇಳಿಸಿದವು. ಈ ಕೋಣೆಯ ಬೆಲೆ ಎಷ್ಟು ಎಂದು ಕೇಳಿದೆ. ಅವನು ನಕ್ಕ. ನಾನು ತಮಾಷೆಗೆ ಕೇಳಿರಲಿಲ್ಲ.

ಅಲ್ಲಿಂದ ವಾಲ್ವು ಹುಡುಕಿಕೊಂಡು ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಎಸ್.ಪಿ. ರಸ್ತೆಗೆ. ಪೆಟ್ಟಿಗೆಯ ಜೊತೆ ಬರುವ ವಾಲ್ವುಗಳನ್ನು ಕಿತ್ತು, ಬೇರೆ ಕಾಲದ, ಬೇರೆ ದೇಶದ ವಾಲ್ವುಗಳನ್ನು ಒಂದೊಂದಾಗಿ ಹಾಕಿ ನೋಡುವುದು ಈ ಮತದ ನಿತ್ಯಕರ್ಮ. ಅಂಗಡಿಯವರೊಬ್ಬರು ಹಳೆಯ ಬೀಡಿ ಡಬ್ಬದಷ್ಟು ಪೆಟ್ಟಿಗೆಯೊಂದನ್ನು ಒರೆಸಿ ಮುಂದಿಟ್ಟರು. ಗಾಜಿನ ಮೇಲೆ ಮಾಸಿದ ಅಕ್ಷರಗಳಲ್ಲಿ ಬಿಇಎಲ್ ಎಂದಿತ್ತು. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲಕ್ಕೆ ದೇಶದ ರೇಡಿಯೊಗಳಿಗೆ ವಾಲ್ವು ಒದಗಿಸುತ್ತಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವ್ ರೇಡಿಯೊಗಳನ್ನು ನಾವು ಸ್ಟೀಲ್ ಪಾತ್ರೆಗೆ ಬದಲಾಯಿಸಿಕೊಂಡೆವು, ಗುಜರಿಗೆ ಹಾಕಿದೆವು. ನಮ್ಮ ಮನೆಯದು ಒಂದು ಇಡ್ಲಿ ಕುಕ್ಕರಾಗಿ ಮರುಹುಟ್ಟು ಪಡೆಯಿತು. ಈಗ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿ ತಯಾರಾದ ಅದೇ ಸಾಮಾನನ್ನು ಅಳಿಯ ಮಗುವನ್ನು ಎತ್ತಿಕೊಂಡಂತೆ ಎರಡೂ ಅಂಗೈಯಲ್ಲಿ ಹಿಡಿದು, ಬೆರಳಿನಿಂದ ಮೆಲ್ಲಗೆ ತಟ್ಟಿ, ಕಿವಿಗೆ ಹಚ್ಚಿ ನೋಡಿದ. ಕೊಟ್ಟ ಬೆಲೆಯನ್ನು ಅವನ ಹೆಂಡತಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ, ಆದ್ದರಿಂದ ಬರೆಯುವುದಿಲ್ಲ.

ಇನ್ನು ಶಕ್ತಿಯ ವಿಚಾರ. ಓಟಿಎಲ್ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವ 6080 ಎಂಬ ವಾಲ್ವಿನ ಹೀಟರ್ ಒಂದಕ್ಕೇ ಸುಮಾರು 16 ವ್ಯಾಟ್ ಬೇಕು. ಅದರ ಉಪಕಾರದಿಂದ ಹೆಡ್‌ಫೋನಿಗೆ ಸಲ್ಲುವುದು, ಹಿತವಾದ ಮಟ್ಟದಲ್ಲಿ ಕೇಳಿದರೆ, ಒಂದು ಮಿಲಿವ್ಯಾಟಿಗಿಂತಲೂ ಕಡಿಮೆ. ಉಳಿದದ್ದೆಲ್ಲ ಕೋಣೆಯ ಸೆಕೆಗೆ ಅರ್ಪಣೆ. ಏಪ್ರಿಲ್ ತಿಂಗಳಲ್ಲಿ ಇದನ್ನು ಹಚ್ಚಿಕೊಂಡು ಕುಳಿತರೆ ಫ್ಯಾನು ಬೇಕು, ಫ್ಯಾನು ಹಾಕಿದರೆ ಅದರ ಸದ್ದು ಹಾಡಿನೊಳಗೆ ಬರುತ್ತದೆ.

ಬರಲೇಬೇಕು, ಏಕೆಂದರೆ ಇಷ್ಟೆಲ್ಲ ಸಾಲಾವಳಿಯ ಕೊನೆಗೆ ಗೆದ್ದ ಎಚ್‌ಡಿ 650 ಓಪನ್ ಬ್ಯಾಕ್ ಹೆಡ್‌ಫೋನು: ಕಿವಿಬಟ್ಟಲಿನ ಬೆನ್ನಿಗೆ ಬರೀ ಜಾಲರಿ. ಒಳಗಿನ ಹಾಡು ಹೊರಗೆ ಸೋರುತ್ತದೆ, ಹೊರಗಿನ ಬೆಂಗಳೂರು ಒಳಗೆ ನುಗ್ಗುತ್ತದೆ. ಅದರ ಸೋದರರಾದ ಎಚ್‌ಡಿ 600, ಎಚ್‌ಡಿ 800 ಕೂಡ ಹೀಗೆಯೇ. ಬೆನ್ನು ಮುಚ್ಚಿದ 300 ಓಮಿನದೊಂದು, ಎಚ್‌ಡಿ 820, ಇದೆ. ಬೆನ್ನಿಗೆ ಗಾಜು ಕೂರಿಸಿದ ಆ ಸುಂದರಿಯ ಬೆಲೆ ಕೇಳಿ ಅಳಿಯ ಸ್ವಲ್ಪ ಹೊತ್ತು ಮೌನವಾದ. ಸದ್ದನ್ನು ತಾನೇ ನುಂಗುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನುಗಳಿವೆಯಲ್ಲ ಎಂದೆ. ಅವುಗಳೊಳಗೆ ಅವುಗಳದೇ ಆಂಪ್ಲಿಫೈಯರು ಇರುತ್ತದಂತೆ. ಅವಕ್ಕೆ ಟ್ಯೂಬ್ ಜೋಡಿಸುವುದು ಕಾರಿನ ಮುಂದೆ ಎತ್ತು ಕಟ್ಟಿದಂತೆ. ಅಲ್ಲಿಗೆ ಟ್ಯೂಬಿಗೆ ಒಪ್ಪುವುದು ಈ ಊರಿಗೆ ಒಪ್ಪುವುದಿಲ್ಲ, ಊರಿಗೆ ಒಪ್ಪುವುದು ಟ್ಯೂಬಿಗೆ ಒಪ್ಪುವುದಿಲ್ಲ.

ಹಾಗಾದರೆ ಊರಿನ ಸಾಲಾವಳಿಯನ್ನು ಯಾರು ನೋಡಬೇಕು? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಇವೆ. ಜನವಸತಿಯ ಬೀದಿಯಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್. ಬರೆದವರು ಎಂಥ ಕವಿಹೃದಯದವರೋ! 45 ಡೆಸಿಬೆಲ್ಲಿನ ರಾತ್ರಿಯಲ್ಲಿ ಓಪನ್ ಬ್ಯಾಕ್ ಹೆಡ್‌ಫೋನು ಹಾಕಿಕೊಂಡು ತಂಬೂರಿ ಕೇಳುವ ಸುಖವನ್ನು ಅವರು ಖಂಡಿತ ಕಂಡಿದ್ದರು. ಅದೇ ನಿಯಮಗಳು ಈ ಮಿತಿಯನ್ನು 10 ಡೆಸಿಬೆಲ್ ಮೀರಿದರೆ ನೀವು ದೂರು ಕೊಡಬಹುದು ಎಂದೂ ಹೇಳುತ್ತವೆ. ಅಳಿಯ ಒಂದು ಡೆಸಿಬೆಲ್ಲಿನ ಉಬ್ಬಿಗಾಗಿ ಸಾಲ ಮಾಡುತ್ತಿದ್ದಾನೆ. ಕಾನೂನಿನ ಕಿವಿಗೆ ಹತ್ತು ಡೆಸಿಬೆಲ್ ಎಂದರೆ ಉದಾರವಾಗಿ ಬಿಟ್ಟುಕೊಟ್ಟ ಚಿಲ್ಲರೆ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ.

ನಾನು ದೂರು ಕೊಟ್ಟೆ. ರಾತ್ರಿ ಹತ್ತೂವರೆಗೆ ಮೊಬೈಲಿನ ಮಾಪಕ ಕಿಟಕಿಯ ಬಳಿ 71 ತೋರಿಸುತ್ತಿತ್ತು. ಸಹಾಯವಾಣಿಯವರು ನನ್ನ ಹೆಸರು, ತಂದೆಯ ಹೆಸರು, ಹತ್ತಿರದ ದೇವಸ್ಥಾನದ ಹೆಸರು ಬರೆದುಕೊಂಡರು. ಯಾರೂ ಬರಲಿಲ್ಲ. ಬೆಳಿಗ್ಗೆ, ಯಂತ್ರ ಮತ್ತೆ ಶುರುವಾದ ಹೊತ್ತಿಗೆ ಸರಿಯಾಗಿ, 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂಬ ಸಂದೇಶ ಬಂತು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ನಾನು ಕರೆ ಮಾಡಲಿಲ್ಲ. ಪಕ್ಕದ ಮನೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಮಲಗಿರುವ ಎಂಬತ್ತರ ಅಜ್ಜಿಯೊಬ್ಬರಿದ್ದಾರೆ, ಎದುರು ಕಟ್ಟಡದ ಪಕ್ಕದಲ್ಲೇ ಎಸ್ಸೆಸ್ಸೆಲ್ಸಿಗೆ ಓದುವ ಹುಡುಗಿಯಿದ್ದಾಳೆ. ಅವರಿಗೆ 300 ಓಮೂ ಬೇಡ, 600 ಓಮೂ ಬೇಡ, ನಿದ್ದೆ ಬೇಕು. ಅದನ್ನು ಕೊಡುವುದು ಯಾರಿಗೂ ಕಷ್ಟದ ಕೆಲಸವಲ್ಲ. ಒಬ್ಬ ಮನುಷ್ಯ ಬಂದು ಒಂದು ಸ್ವಿಚ್ ಆರಿಸಬೇಕು, ಅಷ್ಟೇ.

ಬುಧವಾರ ರಾತ್ರಿ ಅಳಿಯ ಪೆಟ್ಟಿಗೆಯನ್ನು ನಮ್ಮ ಮನೆಗೇ ಹೊತ್ತು ತಂದ. ಇನ್ವರ್ಟರಿನ ಕರೆಂಟು ಶುದ್ಧವಲ್ಲವೆಂದು ಅದನ್ನು ನೇರವಾಗಿ ಲೈನಿಗೇ ಸಿಕ್ಕಿಸಿ, ವಾಲ್ವುಗಳು ಕೆಂಡದ ಬಣ್ಣಕ್ಕೆ ಬರುವವರೆಗೂ ಕಾದು, ಲ್ಯಾಪ್‌ಟಾಪಿನಿಂದ ತಂಬೂರಿ ಹಾಕಿ ನನಗೆ ತೊಡಿಸಿದ. ಗ್ರಾನೈಟ್ ಕೇಳಿಸಿತು. ವಾಲ್ಯೂಮ್ ಹೆಚ್ಚಿಸಿದ, ಗ್ರಾನೈಟಿನ ಜೊತೆ ತಂಬೂರಿಯೂ ಕೇಳಿಸಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಎದುರಿನ ಯಂತ್ರ ನಿಂತಿತು. ಆದರೆ ಕೆಪಾಸಿಟರುಗಳಲ್ಲಿ ಉಳಿದಿದ್ದ ಶಕ್ತಿಯಿಂದ, ಇನ್ನೂ ಆರದ ವಾಲ್ವುಗಳ ಬಿಸಿಯಿಂದ, ತಂಬೂರಿ ನಿಲ್ಲಲಿಲ್ಲ. ಒಂದು ಬಟ್ಟಲನ್ನು ತಿರುಗಿಸಿ ಅಳಿಯನ ಕಿವಿಗೆ ಕೊಟ್ಟೆ. ಆರೇಳು ಸೆಕೆಂಡು ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು, ಶ್ರುತಿ ಸಣ್ಣಗಾಗುತ್ತಾ ಹೋಗಿ ಆರಿತು.

"ಕೇಳಿದಿರಾ ಮಾಮ, ಇದೇ ಟ್ಯೂಬು" ಎಂದು ಅವನು ಪಿಸುಗುಟ್ಟುವಷ್ಟರಲ್ಲಿ ಎದುರಿನವರು ಜನರೇಟರ್ ಹಾಕಿದರು.