ಹೋಮ್‌ಸ್ಟೇಗೆ ಸ್ಟಾರ್ ಕೊಡ್ತೀವಿ, ಬೆಟ್ಟಕ್ಕೆ?

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೊ ಹಲವರು ನೋಡಿರ್ತೀರಿ. ಕಾಡಿನ ಕಾಲುದಾರಿಯಲ್ಲಿ ತೇರಿನ ದಿನದ ನೂಕುನುಗ್ಗಲು. ರೀಲ್ಸು, ಗೂಗಲ್ ಮ್ಯಾಪು, ಇನ್‌ಸ್ಟಾದಲ್ಲೇ ಮಾರಾಟವಾಗುವ ವೀಕೆಂಡ್ ಪ್ಯಾಕೇಜು ಎಲ್ಲ ಸೇರಿದರೆ ಒಂದು ಬೆಟ್ಟಕ್ಕೆ ಏನಾಗಬಹುದು ಅಂತ ಆವತ್ತು ಕಂಡಿತು.

ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು. ಮುಳ್ಳಯ್ಯನಗಿರಿ ಕಡೆ 2025ರ ಸೆಪ್ಟೆಂಬರ್‌ನಿಂದ ಬೆಳಗ್ಗೆ 600, ಮಧ್ಯಾಹ್ನ 600 ವಾಹನ, ಅದೂ ಮೊದಲೇ ನೋಂದಾಯಿಸಿದವಕ್ಕೆ ಮಾತ್ರ. ಊಟಿಗೆ ಇ-ಪಾಸ್ ಬಂದಿದ್ದು ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ. ಇವೆಲ್ಲ ಬೇಕಿತ್ತು, ಇನ್ನೂ ಮೊದಲೇ ಬೇಕಿತ್ತು.

ಆದರೆ ಗೇಟಿನಲ್ಲಿ ತಲೆ ಎಣಿಸಿದರೆ ಪ್ರವಾಸೋದ್ಯಮದ ಗುಣಮಟ್ಟ ಸುಧಾರಿಸಲ್ಲ. ಮಲೆನಾಡಿನ, ಕೊಡಗಿನ ಹೋಮ್‌ಸ್ಟೇಗಳನ್ನೇ ನೋಡಿ. ಬುಕಿಂಗ್ ಆ್ಯಪ್‌ಗಳಿಂದ ಸಣ್ಣ ಬೆಳೆಗಾರರ ಮನೆಗೂ ದೂರದ ಅತಿಥಿ ಬಂದರು, ಯುಪಿಐನಲ್ಲಿ ದುಡ್ಡು ನೇರ ಖಾತೆಗೆ ಬಿತ್ತು. ಕಾಫಿ ದರ ನೆಲಕಚ್ಚಿದ ವರ್ಷಗಳಲ್ಲಿ ಎಷ್ಟೋ ಮನೆಗಳನ್ನು ಇದೇ ನಡೆಸಿದೆ. ಇದನ್ನು ಯಾರೂ ಹಗುರ ಮಾಡಬಾರದು. ಜೊತೆಗೇ, ನೂರಕ್ಕೆ ಹದಿನೈದೋ ಇಪ್ಪತ್ತೋ ರೂಪಾಯಿ ಕಮಿಷನ್ನಿಗೆ ಹೋಗುತ್ತೆ. ಪಟ್ಟಿಯಲ್ಲಿ ಮೇಲೆ ಕಾಣಬೇಕಾದರೆ ಫೋಟೊದಲ್ಲಿ ಈಜುಕೊಳ ಬೇಕು. ಹೀಗೆ, ಬೇಸಿಗೆಯಲ್ಲಿ ಹಳ್ಳ ಬತ್ತುವ ಊರಲ್ಲೂ ಕೊಳ ಎದ್ದವು.

ಇನ್ನು ಆ ಸ್ಟಾರುಗಳು. ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಹಚ್ಚಿದವರಿಗೆ ‘ಸೌಂಡ್ ಕಮ್ಮಿ ಮಾಡಿ’ ಅನ್ನೋಕೂ ಮನೆಯವರು ಹೆದರುತ್ತಾರೆ. ಬೆಳಗ್ಗೆ ಎರಡು ಸ್ಟಾರ್ ಬಿದ್ದರೆ ಮುಂದಿನ ತಿಂಗಳ ಬುಕಿಂಗೇ ಹೋಯ್ತು. ಅತಿಥಿಗೆ ಹಾಸಿಗೆ ಹೇಗಿತ್ತು ಅಂತ ಆ್ಯಪ್ ಕೇಳುತ್ತೆ. ಪಕ್ಕದ ಮನೆಯವರಿಗೆ ನಿದ್ದೆ ಬಂತಾ, ಬಾಟಲಿಗಳು ಯಾವ ತೋಡಿಗೆ ಬಿದ್ದವು ಅಂತ ಯಾರನ್ನೂ ಕೇಳಲ್ಲ.

ನನಗೆ ಅತಿ ದೊಡ್ಡ ಅನ್ಯಾಯ ಅನಿಸುವುದು ಮಾಹಿತಿಯ ವಿಷಯದಲ್ಲಿ. ಯಾವ ಊರಿನಲ್ಲಿ ಈ ಶನಿವಾರ ಎಷ್ಟು ಜನ ತಂಗುತ್ತಾರೆ ಅನ್ನೋದು ಕಂಪನಿಗಳಿಗೆ ಮೊದಲೇ ಗೊತ್ತಿರುತ್ತೆ. ಕಸ ಎತ್ತಬೇಕಾದ, ನೀರು ಬಿಡಬೇಕಾದ ಗ್ರಾಮ ಪಂಚಾಯಿತಿಗೆ ಅದು ಗೊತ್ತಾಗೋದು ಸೋಮವಾರ ರಸ್ತೆ ಬದಿ ನೋಡಿದಾಗ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇಲ್ಲದ ಮನೆ ಆ್ಯಪ್‌ನಲ್ಲಿ ಕಾಣಲೇಬಾರದು. ವಾರದ ಬುಕಿಂಗ್ ಲೆಕ್ಕ, ಅತಿಥಿಗಳ ಹೆಸರು ಬೇಡ, ಸಂಖ್ಯೆ ಸಾಕು, ಪಂಚಾಯಿತಿಗೆ ಮುಂಚೆಯೇ ತಲುಪಬೇಕು. ಪ್ರತಿ ಬುಕಿಂಗಿನಿಂದ ಒಂದಿಷ್ಟು ದುಡ್ಡು ಅದೇ ಊರಿನ ಕಸದ ಗಾಡಿಗೆ, ನೀರಿಗೆ ಹೋಗಬೇಕು. ಕಮಿಷನ್ ಕ್ಷಣದಲ್ಲಿ ಕತ್ತರಿಸುವ ವ್ಯವಸ್ಥೆಗೆ ಇದು ಕಷ್ಟದ ಕೆಲಸವೇನಲ್ಲ, ಸರ್ಕಾರ ಕೇಳಬೇಕು ಅಷ್ಟೇ.