ಲೈಟ್ ಬಂದ್ ಮಾಡಬ್ಯಾಡ್ರಿ

ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಚಳಿಗಾಲದ ಒಂದು ಶನಿವಾರ ನಮ್ಮ ಬೀದಿಯ ದಂಪತಿ ನೋಟ್‌ಬುಕ್ ಹಿಡಿದುಕೊಂಡು ಮನೆಗೆ ಬಂದರು. ಆತ ಬಡಗಿ, ಆಕೆ ನರ್ಸ್. ಇಬ್ಬರೂ ಇಲ್ಲೇ ಹುಟ್ಟಿ ಬೆಳೆದವರು. "ನಿಮ್ಮದು ಕನ್ನಡ ತಾನೇ? ನಮಗೆ ಒಂದಿಷ್ಟು ಹೇಳಿಕೊಡುತ್ತೀರಾ?" ಅಂದರು. ಉತ್ತರ ಕರ್ನಾಟಕದ ಒಂದು ಜಿಲ್ಲೆಯಿಂದ ಆರು ವರ್ಷದ ಹುಡುಗಿಯನ್ನು ದತ್ತು ತೆಗೆದುಕೊಳ್ಳುತ್ತಿದ್ದರು. ಅವಳ ಒಂದು ಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿತ್ತು.

ಅಡುಗೆಮನೆಯ ಮೇಜಿನ ಸುತ್ತ ಕೂತು ನಾಲ್ಕು ಶನಿವಾರ ಪಾಠ ನಡೆಯಿತು. ಬಾ ಪುಟ್ಟಿ. ಹಸಿವಾಯ್ತಾ? ನೀರು ಬೇಕಾ? ಹೆದರಬೇಡ. 'ನೋವಾಗ್ತಿದೆಯಾ' ಅನ್ನುವುದನ್ನು ಆಕೆ ಎರಡು ಗೆರೆ ಎಳೆದು ಬರೆದುಕೊಂಡಳು. ಆ ಮಗುವಿನ ಪಾದಕ್ಕೆ ಇನ್ನೂ ಒಂದು ಆಪರೇಷನ್ ಬಾಕಿ ಇತ್ತು.

ಅವರು ಪಟ್ಟ ಪಾಡು ಸಣ್ಣದಲ್ಲ. ಸಮಾಜ ಕಾರ್ಯಕರ್ತೆ ಮನೆಗೆ ಬಂದು ಹೊಗೆ ಅಲಾರಂನಿಂದ ಹಿಡಿದು ಬ್ಯಾಂಕ್ ಖಾತೆಯವರೆಗೆ ಎಲ್ಲ ನೋಡಿ ಹೋದಳು. ಬೆರಳಚ್ಚು, ಪೊಲೀಸ್ ಪರಿಶೀಲನೆ, ಇಲ್ಲಿನ ವಲಸೆ ಇಲಾಖೆಯ ಒಪ್ಪಿಗೆ, ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ದಿಲ್ಲಿಯ ಕಾರಾದಿಂದ ನಿರಾಕ್ಷೇಪಣಾ ಪತ್ರ. ಹಿಂದೆ ದತ್ತು ಆದೇಶಕ್ಕೆ ಕೋರ್ಟಿಗೆ ಹೋಗಬೇಕಿತ್ತು. 2022ರ ಸೆಪ್ಟೆಂಬರ್‌ನಿಂದ ಅದನ್ನು ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಆಮೇಲೆ ಮಗುವಿಗೆ ಪಾಸ್‌ಪೋರ್ಟ್, ಕೊನೆಗೆ ದಿಲ್ಲಿಯ ಅಮೆರಿಕ ರಾಯಭಾರ ಕಚೇರಿಯಲ್ಲಿ ವೀಸಾ.

ದಿಲ್ಲಿಯ ಹೋಟೆಲಿನಿಂದ ಫೋನ್ ಬಂತು. ಅಲ್ಲಿ ರಾತ್ರಿ ಹನ್ನೊಂದು, ನಾನು ಆಫೀಸಿನಲ್ಲಿದ್ದೆ. "ಒಂದೇ ಮಾತು ಹೇಳಿ ಹೇಳಿ ಅಳುತ್ತಿದ್ದಾಳೆ. ನೀವು ಕಲಿಸಿದ್ದರಲ್ಲಿ ಅದು ಇಲ್ಲ" ಅಂದಳು ಆಕೆ. ಫೋನನ್ನು ಮಗುವಿನ ಹತ್ತಿರ ಹಿಡಿದರು. ಬಿಕ್ಕುತ್ತಾ ಹೇಳುತ್ತಿತ್ತು: "ಲೈಟ್ ಬಂದ್ ಮಾಡಬ್ಯಾಡ್ರಿ, ಲೈಟ್ ಬಂದ್ ಮಾಡಬ್ಯಾಡ್ರಿ."

ಅಷ್ಟೇ. ಒಂದೇ ಕೋಣೆಯಲ್ಲಿ ಹತ್ತಾರು ಮಕ್ಕಳ ಜೊತೆ, ರಾತ್ರಿಯಿಡೀ ಉರಿಯುವ ದೀಪದ ಕೆಳಗೆ ಮಲಗಿ ಬೆಳೆದ ಮಗು. ನಾನು ಮೈಸೂರಿನವನು, ಕಲಿಸಿದ್ದು 'ಬೇಡ'. ಅವಳಿಗೆ ಬರುತ್ತಿದ್ದದ್ದು 'ಬ್ಯಾಡ'. "ಹಚ್ಚೇ ಇಡ್ತಾರಮ್ಮ, ಅಂಜಬ್ಯಾಡ" ಅಂದೆ. ಒಂದು ಕ್ಷಣ ಅಳು ನಿಂತಿತು. "ನೀವು ಯಾರ್ರೀ?" ಅಂತ ಕೇಳಿದಳು. ಆಫೀಸಿನ ಕಾರಿಡಾರಿನಲ್ಲಿ ನಿಂತಲ್ಲೇ ನನ್ನ ಕಣ್ಣು ತುಂಬಿತು.

ಆವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹರಳು ಹುರಿದ ಹಾಗೆ ಕನ್ನಡ ಮಾತಾಡುವ ಈ ಹುಡುಗಿಗೆ ಕನ್ನಡದ ಒಂದು ಮನೆ ಯಾಕೆ ಸಿಗಲಿಲ್ಲ?

ನಿಯಮ ಅವಳ ಪರವಾಗಿಯೇ ಇತ್ತು. 1984ರಲ್ಲಿ ಲಕ್ಷ್ಮಿಕಾಂತ್ ಪಾಂಡೆ ಎಂಬ ವಕೀಲರ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೊದಲು ದೇಶದೊಳಗೆ ಮನೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ ಅಂದಿತು. ದೇಶ ದೇಶಗಳ ನಡುವಿನ ದತ್ತಿಗೆ ಸಂಬಂಧಿಸಿ 2003ರಲ್ಲಿ ಭಾರತ ಒಪ್ಪಿಕೊಂಡ ಹೇಗ್ ಒಪ್ಪಂದದ ಮಾತೂ ಅದೇ. ಈಗಲೂ, ಮನೆ ಸಿಗದೆ ಉಳಿದ ಮಕ್ಕಳ ವಿವರ ಏಳು ದಿನ ಭಾರತದವರಿಗೆ, ಎನ್‌ಆರ್‌ಐಗಳಿಗೆ, ಓಸಿಐ ಕಾರ್ಡಿನವರಿಗೆ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ) ಕಾಣುತ್ತದೆ. ಯಾರೂ ಮುಂದೆ ಬರದಿದ್ದರೆ ಆಮೇಲೆ ವಿದೇಶಿಯರಿಗೆ.

ಆ ಏಳು ದಿನ ನನಗೂ ಇತ್ತು. ನಾನೂ ನನ್ನ ಹೆಂಡತಿಯೂ ಓಸಿಐ ಕಾರ್ಡಿನವರು, ದತ್ತಿಗೆ ಹೆಸರು ಬರೆಸಿ ಕಾಯುತ್ತಿರುವವರು. ಫಾರಂನಲ್ಲಿ ಬರೆದದ್ದು: ಎರಡು ವರ್ಷದೊಳಗಿನ ಮಗು, ಆರೋಗ್ಯವಂತ ಮಗು. ಆ ಏಳು ದಿನದ ಪಟ್ಟಿಯನ್ನು ನಾವು ತೆರೆದೂ ನೋಡಿರಲಿಲ್ಲ.

ನಮ್ಮವರೆಲ್ಲ ಹೆಚ್ಚುಕಡಿಮೆ ಹೀಗೇ ಬರೆಯುವುದು, ಅಲ್ವಾ? ಅದಕ್ಕೇ ಕೂಸುಗಳಿಗೆ ವರ್ಷಗಟ್ಟಲೆ ಸಾಲು, ದೊಡ್ಡ ಮಕ್ಕಳ ಮುಂದೆ ಯಾರೂ ಇಲ್ಲ. ನಮ್ಮಲ್ಲಿ ದತ್ತು ಅಂದರೆ ಮೊದಲು ನೆನಪಾಗುವುದೇ ವಂಶ. ಕಿತ್ತೂರು ಚೆನ್ನಮ್ಮ ದತ್ತು ತೆಗೆದುಕೊಂಡ ಶಿವಲಿಂಗಪ್ಪನಿಂದ ಹಿಡಿದು 2015ರಲ್ಲಿ ಮೈಸೂರು ಅರಮನೆಗೆ ಬಂದ ಯದುವೀರರವರೆಗೆ ನಮಗೆ ಗೊತ್ತಿರುವ ದತ್ತಿನ ಕತೆಗಳೆಲ್ಲ ಮನೆಗೊಬ್ಬ ಹಕ್ಕುದಾರ ಬೇಕಾಗಿದ್ದ ಕತೆಗಳೇ. ಕೂಸಾದರೆ ಹೊಟ್ಟೆಯಲ್ಲಿ ಹುಟ್ಟಿದ್ದು ಅಂತಲೇ ನಡೆಸಿಕೊಂಡು ಹೋಗಬಹುದು ಎಂಬ ಆಸೆಯೂ ಇರುತ್ತದೆ. ಆರು ವರ್ಷದ ಮಗು ತನ್ನ ನೆನಪುಗಳನ್ನು ಹೊತ್ತೇ ಬರುತ್ತದೆ. ಮುಚ್ಚಿಡಲು ಆಗುವುದಿಲ್ಲ. ನಮಗೆ ಭಯ ಅದೇ ಅಂತ ನನ್ನ ಅನಿಸಿಕೆ.

ಹಾಗಂತ ಇಲ್ಲಿಯದೆಲ್ಲ ಸರಿ ಅನ್ನುತ್ತಿಲ್ಲ. ಕೊರಿಯಾದಿಂದ ದತ್ತು ಬಂದು ದೊಡ್ಡವರಾದವರು ಮಿನ್ನೆಸೋಟದಲ್ಲಿ ಬಹಳ ಜನ. ನನ್ನ ಸಹೋದ್ಯೋಗಿಯೊಬ್ಬರು 1970ರ ದಶಕದಲ್ಲಿ ಹಾಗೆ ಬಂದವರು. ಕಾಗದದಲ್ಲಿ ಅನಾಥೆ ಅಂತಿತ್ತು. ಐವತ್ತು ದಾಟಿದ ಮೇಲೆ ಸಿಯೋಲ್‌ಗೆ ಹೋದಾಗ ಹೆತ್ತ ತಾಯಿ ಸಿಕ್ಕರು. ಮಾತಾಡಲು ಇಬ್ಬರ ನಡುವೆ ಒಂದು ಭಾಷೆ ಇರಲಿಲ್ಲ. ಮಕ್ಕಳ ದಾಖಲೆಗಳನ್ನು ತಿದ್ದಿ ಕಳಿಸಿದ್ದಕ್ಕೆ ಸರ್ಕಾರವೂ ಹೊಣೆ ಎಂದು ಕೊರಿಯಾದ ಸತ್ಯ ಶೋಧನಾ ಆಯೋಗ 2025ರಲ್ಲಿ ಹೇಳಿತು. ಇಥಿಯೋಪಿಯಾ 2018ರಲ್ಲಿ ವಿದೇಶಿ ದತ್ತನ್ನು ನಿಲ್ಲಿಸಿತು, ಚೀನಾ 2024ರಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ನಿಲ್ಲಿಸಿತು. ಬಾಗಿಲು ಮುಚ್ಚಿದರೆ ಮೋಸ ನಿಲ್ಲಬಹುದು. ಆದರೆ ಒಳಗೆ ಮನೆ ಸಿಗದ ಮಗು ಒಳಗೇ ಉಳಿಯುತ್ತದೆ. ನಮ್ಮ ಪಕ್ಕದ ಮನೆಯ ಹುಡುಗಿಗೆ ಆ ಬಾಗಿಲು ತೆರೆದಿದ್ದದ್ದು ಒಳ್ಳೆಯದೇ ಆಯಿತು ಅಂತ ಮನಸಾರೆ ಹೇಳುತ್ತೇನೆ.

ಅವಳಿಗೆ ಆಪರೇಷನ್ ಆಗಿದೆ, ಈಗ ಸೈಕಲ್ ತುಳಿಯುತ್ತಾಳೆ. ಅವಳ ಕನ್ನಡ ಮಾತ್ರ ದಿನದಿನಕ್ಕೆ ಜಾರುತ್ತಿದೆ. ಮೊದಲ ತಿಂಗಳು ನನ್ನನ್ನು ಕಂಡರೆ ಮಾತು ನಿಲ್ಲುತ್ತಿರಲಿಲ್ಲ, ಈಗ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಭಾನುವಾರ ನನ್ನ ಹೆಂಡತಿ ಅವಳನ್ನು ಕೂರಿಸಿಕೊಂಡು ರೊಟ್ಟಿ ಬಡಿಯುತ್ತಾಳೆ. ಜೋಳದ ಹಿಟ್ಟು ಮುಟ್ಟಿದಾಗ ಮಾತ್ರ ಅವಳ ಬಾಯಲ್ಲಿ ಹಳೆಯ ಮಾತು ಬರುತ್ತದೆ. ಹೋದ ವಾರ ಹುಡುಗಿ ತನ್ನ ನರ್ಸ್ ತಾಯಿಗೇ ಪಾಠ ಮಾಡುತ್ತಿದ್ದಳು: "ಅಮ್ಮ ಅಲ್ಲ, ಅವ್ವ."

ಊರಿನಲ್ಲಿರುವವರಾಗಲಿ, ದುಬೈಯಲ್ಲಿ, ಪುಣೆಯಲ್ಲಿ, ಇಲ್ಲಿ ಇರುವವರಾಗಲಿ, ದತ್ತಿಗೆ ಹೆಸರು ಬರೆಸಿರುವ ಕನ್ನಡಿಗರಲ್ಲಿ ಒಂದು ಬೇಡಿಕೆ ಇದೆ. ವಯಸ್ಸಿನ ಕಾಲಂ ತುಂಬುವ ಮುಂಚೆ ಆ ಏಳು ದಿನದ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ನಾವು ನೋಡಿದೆವು. ಎಂಟು ವರ್ಷದವರೆಗಿನ ಮಗು ಆಗಬಹುದು ಅಂತ ಬದಲಿಸಲು ಹೇಳಿದ್ದೇವೆ. ಮನೆಯ ವರದಿಯನ್ನು ಹೊಸದಾಗಿ ಮಾಡಬೇಕಂತೆ. ಮುಂದಿನ ಗುರುವಾರ ಸಮಾಜ ಕಾರ್ಯಕರ್ತೆ ಬರುತ್ತಾರೆ.